ದಿಬ್ಬದಲ್ಲಿ ಆಫ್ ಆಗೋ ಇ-ಸೈಕಲ್: 36 ವೋಲ್ಟ್‌ನಿಂದ 48ಕ್ಕೆ ಹೋದ್ಮೇಲೆ ಬಂದ ದೋಷ ಹುಡುಕಿದ್ದು ಹೇಗೆ

ಲಕ್ಷಣ ಮೊದ್ಲು ಹೇಳ್ಬಿಡ್ತೀನಿ, ನಿಮ್ಮದೂ ಇದೇ ಥರ ಇದ್ರೆ ಮುಂದೆ ಓದಿ. ಸಪಾಟು ರಸ್ತೇಲಿ ಸೈಕಲ್ ಚೆನ್ನಾಗೇ ಓಡತ್ತೆ, ದೊಡ್ಡ ಏರು ಬಂದಾಗ ಮಧ್ಯದಲ್ಲಿ ಪಟ್ ಅಂತ ಎಲ್ಲಾ ಸತ್ತು ಹೋಗತ್ತೆ, ಮೋಟಾರ್ ಮಾತ್ರ ಅಲ್ಲ, ಡಿಸ್‌ಪ್ಲೇನೂ ಕಪ್ಪು. ಎರಡು ನಿಮಿಷ ನಿಂತ್ಕೊಂಡ್ರೆ ತಾನಾಗೇ ಆನ್ ಆಗತ್ತೆ, ಬ್ಯಾಟರಿ ಇನ್ನೂ ಅರ್ಧ ಇದೆ ಅಂತ ತೋರಿಸತ್ತೆ, ನೂರು ಮೀಟರ್ ಹತ್ತಿದ್ರೆ ಮತ್ತೆ ಅದೇ ಕಥೆ.

ನನ್ನದು ಹಳೇ ಮೌಂಟನ್ ಬೈಕ್‌ಗೆ ಹಿಂದಿನ ಚಕ್ರದಲ್ಲಿ ಗೇರ್ಡ್ ಹಬ್ ಮೋಟಾರ್ ಹಾಕಿ ಮನೇಲೇ ಮಾಡ್ಕೊಂಡಿದ್ದು. ಮೊದ್ಲು 36 ವೋಲ್ಟ್ 10 ಆಂಪ್-ಅವರ್ ಬ್ಯಾಟರಿ ಪ್ಯಾಕ್ ಇತ್ತು. ನಮ್ಮ ತೀರ್ಥಹಳ್ಳಿ ಸುತ್ತಮುತ್ತ ಸಪಾಟು ಅನ್ನೋ ರಸ್ತೇನೇ ಕಮ್ಮಿ, ಒಂದು ಹಳ್ಳ ಇಳಿದ್ರೆ ಒಂದು ಗುಡ್ಡ ಹತ್ತಬೇಕು, ಹಳೇ ಪ್ಯಾಕ್‌ನಲ್ಲಿ ಏರು ಬಂದ್ರೆ ವೈರು ಬಿಸಿ ಆಗ್ತಿತ್ತು. ಲೆಕ್ಕ ಹಾಕಿ ನೋಡಿ, ಸವಾರ ಸೈಕಲ್ ಸೇರಿ 110 ಕೆಜಿ, ನೂರು ಮೀಟರ್‌ಗೆ ಹತ್ತು ಮೀಟರ್ ಎತ್ತರ ಏರೋ ರಸ್ತೆ, ಗಂಟೆಗೆ 15 ಕಿಲೋಮೀಟರ್ ವೇಗ ಅಂದ್ರೆ ಚಕ್ರಕ್ಕೇ 500 ವಾಟ್ ಬೇಕು. ಮೋಟಾರ್‌ನಲ್ಲಿ, ಅದಕ್ಕೆ ಕರೆಂಟ್ ಹದ ಮಾಡಿ ಕೊಡೋ ಕಂಟ್ರೋಲರ್‌ನಲ್ಲಿ ಕಳೆದು ಹೋಗೋದು ಸೇರಿಸಿದ್ರೆ ಬ್ಯಾಟರಿಯಿಂದ 700ರ ಮೇಲೆ. ಇದು 36 ವೋಲ್ಟ್‌ನಲ್ಲಿ 20 ಆಂಪಿಯರ್, 48ರಲ್ಲಿ 15. ವೈರ್ ಬಿಸಿಯಾಗೋದು ಕರೆಂಟಿನ ವರ್ಗದ ಲೆಕ್ಕದಲ್ಲಿ, ಹಾಗಾಗಿ 20ಕ್ಕೂ 15ಕ್ಕೂ ಹತ್ರ ಹತ್ರ ಎರಡು ಪಟ್ಟು ವ್ಯತ್ಯಾಸ. ಅದಕ್ಕೇ 48ಕ್ಕೆ ಹೋಗಿದ್ದು, ಅದು ಸರಿಯಾದ ನಿರ್ಧಾರವೇ, ಇವತ್ತಿಗೂ ಹಾಗೇ ಅನ್ಸತ್ತೆ.

ಹೊಸ ಪ್ಯಾಕ್ 13ಎಸ್4ಪಿ. ಅಂದ್ರೆ 2.6 ಆಂಪ್-ಅವರ್‌ನ 18650 ಅನ್ನೋ ಅಳತೆಯ ಲಿಥಿಯಂ ಸೆಲ್ ನಾಲ್ಕು ಪ್ಯಾರಲಲ್ ಆಗಿ ಜೋಡಿಸಿ ಒಂದು ಗುಂಪು, ಅಂಥ 13 ಗುಂಪು ಸಾಲಾಗಿ (ಸೀರೀಸ್). ಒಟ್ಟು 10.4 ಆಂಪ್-ಅವರ್, ಫುಲ್ ಚಾರ್ಜ್‌ನಲ್ಲಿ 54.6 ವೋಲ್ಟ್. ಜೋಡಿಸಿ ವೆಲ್ಡ್ ಮಾಡಿದ ಪ್ಯಾಕ್‌ನೇ ತಗೊಂಡಿದ್ದು.

ವೋಲ್ಟೇಜ್ ಏರಿಸೋರು ಪ್ಯಾಕ್ ಸಿಕ್ಸೋ ಮೊದ್ಲು ಮೂರು ನಾಲ್ಕು ವಿಷಯ ನೋಡ್ಲೇಬೇಕು, ಯಾಕಂದ್ರೆ ಇವು ತಪ್ಪಾಗಿದ್ರೆ ದೋಷ ಹುಡುಕೋದೇ ದಿಕ್ಕು ತಪ್ಪತ್ತೆ. ಕಂಟ್ರೋಲರ್ ಬಿಚ್ಚಿ ಒಳಗಿರೋ ದೊಡ್ಡ ಕೆಪಾಸಿಟರ್ ಮೇಲೆ ಏನು ಬರೆದಿದೆ ಓದಿ. 50 ವೋಲ್ಟ್ ಅಂತಿದ್ರೆ 54.6ಕ್ಕೆ ಅದು ಸಿಡೀಬಹುದು, 63 ಇರ್ಬೇಕು. ಚಾರ್ಜರ್ 36ರದ್ದು 42 ವೋಲ್ಟ್, 48ರದ್ದು 54.6, ಎರಡರ ಪಿನ್ನೂ ಎಷ್ಟೋ ಸಲ ಒಂದೇ ಥರ ಇರತ್ತೆ, ದೊಡ್ಡ ಚಾರ್ಜರ್‌ನ ಹಳೇ ಪ್ಯಾಕ್‌ಗೆ ಚುಚ್ಚಿದ್ರೆ ಬೆಂಕಿಗೆ ದಾರಿ, ಇವತ್ತೇ ಬಣ್ಣದ ಟೇಪ್ ಸುತ್ತಿಡಿ. ಡಿಸ್‌ಪ್ಲೇ ಸೆಟ್ಟಿಂಗ್ 36ರಲ್ಲೇ ಉಳಿದಿದ್ರೆ 48ರ ಪ್ಯಾಕ್ ಖಾಲಿಯಾಗೋ ಹೊತ್ತಿಗೂ ಫುಲ್ ಅಂತಾನೇ ತೋರಿಸತ್ತೆ. ಹಳೇ 36ರ ಪ್ಯಾಕ್‌ನ ಹೊಸದರ ಜೊತೆ ಪ್ಯಾರಲಲ್ ಹಾಕಿ ರೇಂಜ್ ಹೆಚ್ಚಿಸ್ಕೋಳೋ ಯೋಚನೆ ಯಾರಿಗಾದ್ರೂ ಇದ್ರೆ ದಯವಿಟ್ಟು ಬೇಡ, ಕೈ ಮುಗಿದು ಕೇಳ್ಕೋತೀನಿ. ಇನ್ನೊಂದು, ವೋಲ್ಟೇಜ್ ಏರಿದ ಲೆಕ್ಕದಲ್ಲೇ ವೇಗಾನೂ ಏರತ್ತೆ, ರಸ್ತೇಲಿ ಓಡ್ಸೋರು ಡಿಸ್‌ಪ್ಲೇಲಿ ವೇಗದ ಮಿತೀನ 25ರ ಒಳಗೆ ಇಟ್ಕೊಳ್ಳಿ.

ಇವೆಲ್ಲಾ ನಂದು ಸರಿ ಇತ್ತು. ಎರಡು ತಿಂಗಳು ಚೆನ್ನಾಗಿ ಓಡ್ತು. ಜೂನ್‌ನಲ್ಲಿ ಮಳೆ ಹಿಡೀತು, ಅದೇ ಹೊತ್ತಿಗೆ ಈ ತೊಂದ್ರೇನೂ ಶುರುವಾಯ್ತು. ಆಗುಂಬೆ ರಸ್ತೇಲಿ ಗುಡ್ಡೇಕೇರಿಯಿಂದ ಒಳಗೆ ತಿರುಗಿ ಕುಂದಾದ್ರಿ ಹತ್ತೋದು ನಮ್ಮ ಭಾನುವಾರದ ಅಭ್ಯಾಸ, ಬೆಟ್ಟದ ಕೊನೇ ತಿರುವುಗಳು ಎಷ್ಟು ಕಡಿದು ಅಂತ ಹೋದವರಿಗೆ ಗೊತ್ತು. ಅಲ್ಲೇ ಕೈ ಕೊಡ್ತು. ಮುಂದಿನ ವಾರಾನೂ ಅಲ್ಲೇ.

"ಅಣ್ಣಯ್ಯ, ಮತ್ತೆ ಹೋಯ್ತಾ?" ಅಂದ ಹಿಂದೆ ಬರ್ತಿದ್ದ ಚಿಕ್ಕಪ್ಪನ ಮಗ.

"ಹೋಯ್ತು ಮಾರಾಯ."

"ನೀರು ಹೋಗಿರ್ತದೆ, ಇನ್ನೆಂತ. ಈ ಮಳೇಲಿ ಫೋನೇ ಸಾಯ್ತದೆ."

ಎಲ್ಲರೂ ಹೇಳಿದ್ದು ಅದೇ. ಮಲೆನಾಡಲ್ಲಿ ಮಳೆಗಾಲಕ್ಕೆ ಯಾವ ಕರೆಂಟ್ ಸಾಮಾನು ಕೆಟ್ರೂ ನೀರಿನ ಮೇಲೇ ಮೊದಲ ಅನುಮಾನ, ಅದು ತಪ್ಪೂ ಅಲ್ಲ. ಆದ್ರೆ ನೀರಿನ ದೋಷಕ್ಕೆ ಬೇರೆ ಲಕ್ಷಣ ಇರತ್ತೆ. ಬ್ರೇಕ್ ಲಿವರ್ ಒಳಗೆ ಮೋಟಾರ್ ಕಟ್ ಮಾಡೋ ಸ್ವಿಚ್ ಇರತ್ತಲ್ಲ, ಅದಕ್ಕೆ ನೀರು ಹೋದ್ರೆ ಬ್ರೇಕ್ ಹಿಡಿದ ಹಾಗೆ ತಿಳ್ಕೊಂಡು ಮೋಟಾರ್ ನಿಲ್ಲತ್ತೆ, ಡಿಸ್‌ಪ್ಲೇ ಮಾತ್ರ ಉರೀತಾನೇ ಇರತ್ತೆ. ಥ್ರಾಟಲ್‌ಗೆ ಹೋದ್ರೂ, ಮೋಟಾರ್ ಎಲ್ಲಿಗೆ ತಿರುಗಿದೆ ಅಂತ ಹೇಳೋ ಹಾಲ್ ಸೆನ್ಸರ್‌ನ ಕನೆಕ್ಟರ್‌ಗೆ ಹೋದ್ರೂ ಅಷ್ಟೇ, ಡಿಸ್‌ಪ್ಲೇ ಸಾಯಲ್ಲ. ಕಂಟ್ರೋಲರ್ ತಾನೇ ವೋಲ್ಟೇಜ್ ಕಮ್ಮಿ ಆಯ್ತು ಅಂತ ಮೋಟಾರ್ ನಿಲ್ಸಿದಾಗ್ಲೂ ಸಾಮಾನ್ಯವಾಗಿ ಡಿಸ್‌ಪ್ಲೇ ಇರತ್ತೆ. ಹಾಗಾಗಿ ಸೈಕಲ್ ನಿಂತ ಕ್ಷಣದಲ್ಲಿ ಮಾಡೋ ಮೊದಲ ಕೆಲಸ ಡಿಸ್‌ಪ್ಲೇ ನೋಡೋದು. ಅದೂ ಕಪ್ಪಾಗಿದ್ರೆ ಕರೆಂಟು ಪ್ಯಾಕ್‌ನಿಂದ್ಲೇ ಬರ್ತಿಲ್ಲ, ಅಂದ್ರೆ ಒಂದೋ ದಾರಿಯಲ್ಲಿ ಕನೆಕ್ಟರ್ ಬಿಟ್ಟಿದೆ, ಇಲ್ಲಾ ಪ್ಯಾಕ್ ಒಳಗಿರೋ ಬಿಎಂಎಸ್, ಅಂದ್ರೆ ಸೆಲ್‌ಗಳನ್ನ ಕಾಯೋ ಸರ್ಕ್ಯೂಟ್ ಬೋರ್ಡ್, ಬಾಗಿಲು ಹಾಕಿದೆ.

ಕನೆಕ್ಟರ್ ನೋಡೋದು ಸುಲಭ. ಒಂದು ಏರು ಹತ್ತಿ ಇಳಿದ ಕೂಡ್ಲೇ ಕೈಯಿಂದ ಮುಟ್ಟಿ ನೋಡಿ, ವೈರಿಗಿಂತ ಕನೆಕ್ಟರ್ ಬಿಸಿ ಇದ್ರೆ ಅಲ್ಲಿ ತೊಂದ್ರೆ ಇದೆ. ನನ್ನ ಎಕ್ಸ್‌ಟಿ60 ಕನೆಕ್ಟರ್ ನಿಜವಾಗ್ಲೂ ಬಿಸಿ ಇತ್ತು. ಲೋಡ್ ಇದ್ದಾಗ ಮಲ್ಟಿಮೀಟರ್‌ನ ಒಂದು ಮುಳ್ಳು ಕನೆಕ್ಟರ್‌ನ ಈಚೆ ಬೆಸುಗೆಗೆ, ಇನ್ನೊಂದು ಆಚೆ ಬೆಸುಗೆಗೆ ಇಟ್ಟು ನೋಡಿದ್ರೆ 0.4 ವೋಲ್ಟ್ ತಿಂತಿತ್ತು. ಒಳ್ಳೇ ಕನೆಕ್ಟರ್‌ನಲ್ಲಿ ಅದು ಕೆಲವೇ ಮಿಲಿವೋಲ್ಟ್ ಇರ್ಬೇಕು. ಸಾಲ್ಡರ್ ಸರಿಯಾಗಿ ಕಾಯದೆ ಮೇಲೆ ಮಾತ್ರ ಕೂತಿತ್ತು, ಬಿಚ್ಚಿ ಮತ್ತೆ ಹಾಕ್ದೆ. ಬಿಸಿ ಹೋಯ್ತು, ಸಿಕ್ಕಿಬಿತ್ತು ಅಂದ್ಕೊಂಡೆ, ಖುಷಿಯಾಗಿ ಕುಂದಾದ್ರಿಗೆ ಹೋದ್ರೆ ಮತ್ತೆ ಅದೇ ತಿರುವಿನಲ್ಲಿ ಕಪ್ಪು. ಒಂದು ತಪ್ಪು ಸಿಕ್ಕಿದ್ರೆ ಅದೇ ಕಾರಣ ಅಂತ ಅಲ್ಲ, ಮನೇಲಿ ಮಾಡಿದ ಸೈಕಲ್‌ನಲ್ಲಿ ಎರಡು ಮೂರು ತಪ್ಪು ಒಟ್ಟಿಗೆ ಇರ್ತಾವೆ.

ಉಳಿದಿದ್ದು ಬಿಎಂಎಸ್. ಅದು ಬಾಗಿಲು ಹಾಕೋದು ಮುಖ್ಯವಾಗಿ ಮೂರು ಕಾರಣಕ್ಕೆ: ಕರೆಂಟ್ ಮಿತಿ ಮೀರಿದ್ರೆ, ಬಿಸಿ ಜಾಸ್ತಿಯಾದ್ರೆ, ಇಲ್ಲಾ 13 ಗುಂಪಿನಲ್ಲಿ ಯಾವುದಾದ್ರೂ ಒಂದೇ ಒಂದು ಗುಂಪು ತೀರಾ ಕೆಳಗಿಳಿದ್ರೆ, ಎಷ್ಟೋ ಬಿಎಂಎಸ್‌ನಲ್ಲಿ ಆ ಗೆರೆ 2.8 ವೋಲ್ಟ್ ಆಸುಪಾಸು. ಪರಿಚಯದ ಮೋಟಾರ್ ವೈಂಡಿಂಗ್ ಅಂಗಡಿಯವರು ಹೇಳಿದ್ದು, "ಬಿಎಂಎಸ್ ಸಣ್ಣದಾಯ್ತು, ಅದನ್ನ ತೆಗ್ದು ಡೈರೆಕ್ಟ್ ಕೊಟ್ಟು ನೋಡಿ, ಹತ್ತಿದ್ರೆ ಅದೇ ತಪ್ಪು." ಪಂಪ್‌ಸೆಟ್ ವಿಷಯದಲ್ಲಿ ಅವರಷ್ಟು ತಿಳಿದವರು ನಂಗೆ ಗೊತ್ತಿಲ್ಲ, ಆದ್ರೆ ಲಿಥಿಯಂನಲ್ಲಿ ಈ ಪರೀಕ್ಷೆ ಮಾಡ್ಲೇಬಾರದು. ಬಿಎಂಎಸ್ ತೆಗೆದ್ರೆ ಸೈಕಲ್ ಹತ್ತೇ ಹತ್ತತ್ತೆ, ಸೋತ ಗುಂಪನ್ನ ಉಳಿದ 12 ಗುಂಪು ಸೇರಿ ಸೊನ್ನೆಗೂ ಕೆಳಗೆ ಎಳೀತಾವೆ, ಆ ಸೆಲ್ ಒಳಗೇ ಹಾಳಾಗತ್ತೆ, ಆಮೇಲೆ ರಾತ್ರಿ ಚಾರ್ಜ್‌ಗೆ ಹಾಕ್ದಾಗ ಏನಾಗತ್ತೋ ಹೇಳಕ್ಕಾಗಲ್ಲ. ಅಟ್ಟದ ತುಂಬ ಅಡಿಕೆ, ಮರದ ತೊಲೆ, ಒಳಗೆ ಮಲಗಿರೋ ಜನ ಇರೋ ಮನೆಗಳು ನಮ್ಮವು.

ನಾನು ಇಲ್ಲಿ ಒಂದು ವಾರ ಕಳೆದೆ. ಮನೇಲಿ ಫುಲ್ ಚಾರ್ಜ್ ಮಾಡಿ, ಪ್ಯಾಕ್ ಕವರ್ ಬಿಚ್ಚಿ, 13 ಗುಂಪನ್ನೂ ಅಳೆದ್ರೆ ಎಲ್ಲಾ 4.15, ಒಂದೂ ಹೆಚ್ಚು ಕಮ್ಮಿ ಇಲ್ಲ. ಸೆಲ್ ಎಲ್ಲಾ ಸರಿ ಇದೆ ಅಂತ ಬರ್ದಿಟ್ಕೊಂಡೆ. ಮತ್ತೆ ಹಾಗಾದ್ರೆ ಕರೆಂಟ್ ಮಿತಿನೇ ಕಾರಣ ಇರ್ಬೇಕು ಅಂತ 20 ಆಂಪಿಯರ್ ಬಿಎಂಎಸ್ ಬದ್ಲು 30ರದ್ದು ತರ್ಸೋದು ಅಂತ ಯೋಚ್ನೆ ಮಾಡ್ತಿದ್ದಾಗ ಒಂದು ವಿಷಯ ತಲೆಗೆ ಹೊಳೀತು. ನಮ್ಮ ಮನೆಯಿಂದ ಪೇಟೆಗೆ ಹೋಗೋ ದಾರೀಲೇ ಒಂದು ಏರಿದೆ, ಉದ್ದ ಇಲ್ಲ ಆದ್ರೆ ಕುಂದಾದ್ರಿ ತಿರುವಿನಷ್ಟೇ ಕಡಿದು, ಬೆಳಿಗ್ಗೆ ಫುಲ್ ಚಾರ್ಜ್‌ನಲ್ಲಿ ಅದನ್ನ ದಿನಾ ಹತ್ತುತ್ತೀನಿ, ಒಂದು ದಿನಾನೂ ಕಟ್ ಆಗಿಲ್ಲ. ಕರೆಂಟ್ ಮಿತಿ ಮೀರೋದೇ ಕಾರಣ ಆಗಿದ್ರೆ ಅಲ್ಲೂ ಕಟ್ ಆಗ್ಬೇಕಿತ್ತಲ್ಲ, ಕಂಟ್ರೋಲರ್ ಎಳೆಯೋ ಕರೆಂಟು ಎರಡೂ ಕಡೆ ಅಷ್ಟೇ. ವ್ಯತ್ಯಾಸ ಇರೋದು ಒಂದೇ, ಕುಂದಾದ್ರಿ ಬುಡ ಮುಟ್ಟೋ ಹೊತ್ತಿಗೆ ಇಪ್ಪತ್ತು ಕಿಲೋಮೀಟರ್ ಆಗಿರತ್ತೆ, ಬ್ಯಾಟರಿ ಅರ್ಧ ಇಳಿದಿರತ್ತೆ. ನಾನು ಗುಡ್ಡದ ಮೇಲೆ ತಪ್ಪು ಹೊರಿಸ್ತಿದ್ದೆ, ನೋಡ್ಬೇಕಾಗಿದ್ದು ಅಲ್ಲಿಗೆ ಬರೋವಷ್ಟರಲ್ಲಿ ಎಷ್ಟು ಖರ್ಚಾಗಿದೆ ಅಂತ.

ಇದನ್ನೇ ಒತ್ತಿ ಹೇಳ್ಬೇಕು ಅಂತ ಬರೀತಿರೋದು. ತುಂಬಿದ ಪ್ಯಾಕ್ ಅಳೆದ್ರೆ ಕೆಲವು ದೋಷ ಕಾಣೋದೇ ಇಲ್ಲ. ಒಂದು ಗುಂಪಿನ ಸಾಮರ್ಥ್ಯ ಅರ್ಧಕ್ಕೆ ಇಳಿದಿದೆ ಅಂತ ಇಟ್ಕೊಳ್ಳಿ. ಗುಂಪುಗಳು ಸಾಲಾಗಿರೋದ್ರಿಂದ ಓಡ್ಸುವಾಗ ಎಲ್ಲಾ ಗುಂಪಿನಿಂದ್ಲೂ ಒಂದೇ ಸಮ ಕರೆಂಟ್ ಹೋಗತ್ತೆ, ಚಾರ್ಜ್ ಮಾಡುವಾಗ ಒಂದೇ ಸಮ ವಾಪಸ್ ಬರತ್ತೆ. 5 ಆಂಪ್-ಅವರ್ ಹೋಗಿತ್ತು, 5 ಬಂತು, ಹಾಗಾಗಿ ತುಂಬಿದಾಗ ಸಣ್ಣ ಪಾತ್ರೆ ದೊಡ್ಡ ಪಾತ್ರೆ ಎರಡೂ ಕಂಠಮಟ್ಟ ತುಂಬಿರ್ತಾವೆ. ಖಾಲಿ ಮಾಡ್ತಾ ಹೋದಾಗ್ಲೇ ಸಣ್ಣದು ಮೊದ್ಲು ಬರಿದಾಗೋದು. ಇದಕ್ಕೆ ಉಲ್ಟಾ ಇನ್ನೊಂದು ದೋಷ ಇದೆ, ಸುಮ್ಮನೆ ಇಟ್ಟಾಗ್ಲೂ ಸೋರೋ ಗುಂಪು. ಅದು ತುಂಬಿದಾಗ್ಲೂ ಕಮ್ಮಿ, ಖಾಲಿಯಾದಾಗ್ಲೂ ಕಮ್ಮಿ ತೋರಿಸತ್ತೆ, ಉಳಿದವು ಮೊದ್ಲೇ ತುಂಬಿ ಬಿಡೋದ್ರಿಂದ ಚಾರ್ಜರ್ ಬೇಗ ಹಸಿರಾಗತ್ತೆ. ಅದಕ್ಕೆ ಮೊದಲ ಮದ್ದು ಆ ಒಂದು ಗುಂಪನ್ನ ಬೇರೆಯಾಗಿ ತುಂಬಿ ವಾರ ಬಿಟ್ಟು ನೋಡೋದು, ಮತ್ತೆ ಇಳಿದ್ರೆ ಸೆಲ್ ಬದಲಿಸೋದು.

ಲೋಡ್ ಹಾಕಿ ಅಳೆಯೋ ವಿಧಾನ

ಸ್ಟ್ಯಾಂಡ್ ಮೇಲೆ ಚಕ್ರ ತಿರುಗಿಸಿದ್ರೆ ಲೋಡೇ ಬರಲ್ಲ, ಒಂದೆರಡು ಆಂಪಿಯರ್ ಅಷ್ಟೇ. ಗುಡ್ಡದ ಮೇಲೆ ಜಡಿಮಳೇಲಿ ಪ್ಯಾಕ್ ಬಿಚ್ಕೊಂಡು ಕೂರಕ್ಕಾಗಲ್ಲ. ನಾನು ಮಾಡಿದ್ದು ಕಾರಿನ ಹೆಡ್‌ಲೈಟ್ ಬಲ್ಬಿನಿಂದ. ಗ್ಯಾರೇಜಲ್ಲಿ ಕೇಳಿದ್ರೆ ಬಿಸಾಕೋ ಎಚ್4 ಬಲ್ಬ್ ಸಿಗ್ತಾವೆ, ಅದರಲ್ಲಿ ಡಿಮ್ಮು ಬ್ರೈಟು ಅಂತ ಎರಡು ಎಳೆ ಇರ್ತಾವೆ, ಸುಟ್ಟಿರೋದು ಹೆಚ್ಚಾಗಿ ಡಿಮ್ಮಿನ ಎಳೆ, ಬ್ರೈಟ್ ಎಳೆ ಚೆನ್ನಾಗೇ ಇರತ್ತೆ. 12 ವೋಲ್ಟ್ 60 ವಾಟ್‌ನ ನಾಲ್ಕು ಬಲ್ಬ್ ಸಾಲಾಗಿ ಜೋಡಿಸಿದ್ರೆ 48ಕ್ಕೆ ಸರಿಹೋಗತ್ತೆ, ಒಂದು ಸಾಲು ಸುಮಾರು 5 ಆಂಪಿಯರ್ ತಗೊಳತ್ತೆ. ಅಂಥ ಮೂರು ಸಾಲು, 12 ಬಲ್ಬ್, 15 ಆಂಪಿಯರ್, ಅಂದ್ರೆ ಕುಂದಾದ್ರಿ ಏರು ಮನೆ ಜಗುಲಿ ಮೇಲೆ ಬಂದ ಹಾಗೆ. ಹಂಚಿನ ತುಂಡಿನ ಮೇಲೆ ಇಡಿ, ಬಲ್ಬ್ ಕೈ ಸುಡೋವಷ್ಟು ಕಾಯ್ತಾವೆ, ಕಣ್ಣಿಗೆ ಕುಕ್ಕದ ಹಾಗೆ ಗೋಡೆ ಕಡೆ ತಿರುಗಿಸಿ, ದಾರೀಲಿ ಒಂದು 20 ಆಂಪಿಯರ್ ಫ್ಯೂಸ್ ಇರ್ಲೇಬೇಕು. ಮಕ್ಕಳು ನಾಯಿ ಹತ್ರ ಬರದ ಹಾಗೆ ನೋಡ್ಕೊಳ್ಳಿ.

ಅಳೆಯೋದು ಬಿಎಂಎಸ್‌ಗೆ ಹೋಗೋ ಸಣ್ಣ ವೈರುಗಳ ಕನೆಕ್ಟರ್‌ನಲ್ಲಿ, ಪಕ್ಕ ಪಕ್ಕದ ಎರಡು ಪಿನ್ ನಡುವೆ ಒಂದೊಂದು ಗುಂಪು. ಕಪ್ಪು ಮುಳ್ಳನ್ನ ಮೈನಸ್‌ನಲ್ಲೇ ಇಟ್ಟು ಕೆಂಪನ್ನ ಮಾತ್ರ ಮುಂದೆ ಸರಿಸ್ತಾ ಆಮೇಲೆ ಕಳೆಯೋ ಲೆಕ್ಕ ಮಾಡ್ಬೇಡಿ, 20 ವೋಲ್ಟ್ ದಾಟಿದ್ಮೇಲೆ ಸಾಧಾರಣ ಮೀಟರ್‌ನ 200ರ ರೇಂಜಿಗೆ ಹೋಗ್ಬೇಕಾಗತ್ತೆ, ಅಲ್ಲಿ 0.1 ವೋಲ್ಟಿಗಿಂತ ಸಣ್ಣ ವ್ಯತ್ಯಾಸ ಕಾಣಲ್ಲ, ನಮಗೆ ಬೇಕಾಗಿರೋದೇ ಆ ಸಣ್ಣ ವ್ಯತ್ಯಾಸ. ಎರಡೂ ಮುಳ್ಳಿನ ತುದೀಲಿ ಒಂದೆರಡು ಮಿಲಿಮೀಟರ್ ಬಿಟ್ಟು ಉಳಿದಿದ್ದಕ್ಕೆ ಟೇಪ್ ಸುತ್ತಿ, ಕೈ ಜಾರಿ ಎರಡು ಪಿನ್ ಮುಟ್ಟಿದ್ರೆ ಆ ಕೂದಲೆಳೆಯಂಥ ವೈರ್ ಕಣ್ಣೆದುರೇ ಉರಿದು ಹೋಗತ್ತೆ. ಉಂಗುರ, ಕಡಗ, ವಾಚು ಬಿಚ್ಚಿಡಿ.

ಬಂದ ಲೆಕ್ಕ ಇದು. ಶುರುವಿನಲ್ಲಿ ಎಲ್ಲಾ 4.15. ಬಲ್ಬ್ ಉರಿತಾ ಹತ್ತು ನಿಮಿಷಕ್ಕೆ 12 ಗುಂಪು 3.78 ಸುತ್ತಮುತ್ತ, ಏಳನೇ ಗುಂಪು 3.45. ಹದಿನೆಂಟು ನಿಮಿಷಕ್ಕೆ ಉಳಿದವು 3.6, ಏಳನೇದು 3.0. ಇಪ್ಪತ್ತಾಗ್ತಿದ್ದ ಹಾಗೆ ಎಲ್ಲಾ ಬಲ್ಬೂ ಒಟ್ಟಿಗೆ ಆರಿ ಹೋದವು, ಜಗುಲಿ ಕತ್ತಲೆ. ಆ ಹೊತ್ತಿಗೆ ಪ್ಯಾಕಿನ ಒಟ್ಟು ವೋಲ್ಟೇಜ್ ಇನ್ನೂ 45ರ ಹತ್ರ ಇತ್ತು, ಡಿಸ್‌ಪ್ಲೇ ನೋಡೋದು ಬರೀ ಆ ಒಟ್ಟು ಮೊತ್ತ, ಅದಕ್ಕೇ ಅರ್ಧ ಇದೆ ಅಂತ ಹೇಳ್ತಿದ್ದಿದ್ದು. ಇಪ್ಪತ್ತು ನಿಮಿಷ 15 ಆಂಪಿಯರ್ ಅಂದ್ರೆ 5 ಆಂಪ್-ಅವರ್, ಹತ್ರ ಹತ್ರ ಎರಡು ಸೆಲ್‌ನಷ್ಟು. ನಾಲ್ಕರಲ್ಲಿ ಎರಡು ಸೆಲ್ ಕೆಲಸಾನೇ ಮಾಡ್ತಿಲ್ಲ ಅಂತ ಬಿಚ್ಚೋ ಮೊದ್ಲೇ ಗೊತ್ತಾಗಿ ಹೋಯ್ತು.

ಏಳನೇ ಗುಂಪಿನ ಅಳತೆ ನಿಜವೋ, ಅಥವಾ ಆ ಸಣ್ಣ ವೈರೇ ತುಕ್ಕು ಹಿಡಿದು ಸುಳ್ಳು ತೋರಿಸ್ತಿದೆಯೋ ಅಂತ ಒಂದ್ಸಲ ಖಾತ್ರಿ ಮಾಡ್ಕೊಳ್ಳಿ, ನಮ್ಮ ಕಡೆ ಈ ಪಿನ್ನುಗಳು ಹಸಿರುಗಟ್ಟೋದು ಮಾಮೂಲಿ. ಸೆಲ್‌ಗಳನ್ನ ಒಂದಕ್ಕೊಂದು ಸೇರಿಸೋ ನಿಕ್ಕಲ್ ಪಟ್ಟಿ ಮೇಲೇ ನೇರ ಮುಳ್ಳಿಟ್ಟು ಅಳೀಬೇಕು. ಎರಡೂ ಒಂದೇ ಬಂದ್ರೆ ವೈರ್ ಸರಿ ಇದೆ. ನಂದು ಒಂದೇ ಬಂತು.

ಸುತ್ತಿದ್ದ ಶೀಟ್ ಕುಯ್ದು ನೋಡಿದ್ರೆ ಏಳನೇ ಗುಂಪಿನ ಅಂಚಿನ ಎರಡು ಸೆಲ್ ಮೇಲೆ ಪಟ್ಟಿ ಎದ್ದಿತ್ತು. ಕಾಗದದಷ್ಟು ಸಂದು, ಪಕ್ಕದಲ್ಲಿ ಸಣ್ಣ ಕಪ್ಪು ಕಲೆ, ಕುಲುಕಾಟದಲ್ಲಿ ಮುಟ್ಟಿ ಬಿಟ್ಟು ಕಿಡಿ ಹಾರಿದ್ದು. ಒಳ್ಳೇ ವೆಲ್ಡ್ ಕಿತ್ರೆ ನಿಕ್ಕಲ್ ಹರಿದು ಒಂದು ಚೂರು ಸೆಲ್ ಮೇಲೇ ಉಳಿಯತ್ತೆ, ಇಲ್ಲಿ ಬರೀ ಚುಕ್ಕಿ ಗುರುತಿತ್ತು, ಅಂದ್ರೆ ಮೊದಲಿಂದ್ಲೂ ಸರಿಯಾಗಿ ಹಿಡಿದಿರ್ಲಿಲ್ಲ. ಸೆಲ್‌ಗಳನ್ನ ಹೋಲ್ಡರ್ ಇಲ್ಲದೆ ಬರೀ ಗ್ಲೂ ಹಾಕಿ ಅಂಟಿಸಿದ್ರು. ಅದರ ಮೇಲೆ ನಾನು ಪ್ಯಾಕ್‌ನ ಫ್ರೇಮಿಗೆ ಮೆತ್ತೆ ಇಲ್ಲದೆ ಬಿಗಿದಿದ್ದೆ, ಹಿಂದೆ ಸಸ್ಪೆನ್ಷನ್ ಇಲ್ಲದ ಸೈಕಲ್, ತೋಟದ ಜಲ್ಲಿ ದಾರಿ, ಎರಡು ತಿಂಗಳು ಪ್ರತಿ ಗುಂಡಿಯ ಹೊಡ್ತ ಆ ವೆಲ್ಡಿಗೇ ಬಿದ್ದಿದೆ. ನೀರು ಒಂದು ಹನಿ ಒಳಗೆ ಹೋಗಿರ್ಲಿಲ್ಲ.

ರಿಪೇರೀಲಿ ಒಂದು ಅಪಾಯ ಇದೆ, ಇದನ್ನ ಯಾರೂ ಹೇಳ್ಕೊಡಲ್ಲ. ಪಟ್ಟಿ ಬಿಟ್ಟ ಎರಡು ಸೆಲ್ 4.1 ವೋಲ್ಟ್‌ನಲ್ಲೇ ನಿಂತಿದ್ವು, ಗುಂಪಿನ ಉಳಿದೆರಡು 3.3ರಲ್ಲಿ. ಹಾಗೇ ವೆಲ್ಡ್ ಮಾಡಿದ್ರೆ ತುಂಬಿದವು ಖಾಲಿಯವಕ್ಕೆ ಒಂದೇ ಸಲ ಸುರೀತಾವೆ, ತಡೆಯೋದಕ್ಕೆ ಮಧ್ಯದಲ್ಲಿ ಏನೂ ಇರಲ್ಲ. 1 ಓಮ್ 5 ವಾಟ್‌ನ ರೆಸಿಸ್ಟರ್ ಮೂಲಕ ಸೇರಿಸಿ ಒಂದು ರಾತ್ರಿ ಬಿಟ್ಟೆ, ಬೆಳಿಗ್ಗೆ ವ್ಯತ್ಯಾಸ 0.02ಕ್ಕೆ ಬಂದಿತ್ತು. ಯಾವ್ದಾದ್ರೂ ಸೆಲ್ 2 ವೋಲ್ಟಿಗೂ ಕೆಳಗೆ ಹೋಗಿ ಎಷ್ಟೋ ದಿನ ಬಿದ್ದಿದ್ರೆ ಅದನ್ನ ಉಳಿಸ್ಕೊಳ್ಳೋ ಆಸೆ ಬಿಡಿ. ನಂದಕ್ಕೆ ಬಿಎಂಎಸ್ ಕಾವಲಿದ್ದಿದ್ರಿಂದ ಹಾಗಾಗಿರ್ಲಿಲ್ಲ, ಅದನ್ನ ಕಿತ್ತು ಹಾಕಿದ್ರೆ ಇಷ್ಟೊತ್ತಿಗೆ ಲೋಡ್ ಹೊರ್ತಿದ್ದ ಆ ಉಳಿದೆರಡು ಸೆಲ್ ಸತ್ತಿರ್ತಿತ್ತು.

ಸಾಲ್ಡರಿಂಗ್ ಐರನ್‌ನಿಂದ ಸೆಲ್ ತಲೆ ಮೇಲೆ ಬೆಸುಗೆ ಹಾಕ್ಬೇಡಿ, ಅಷ್ಟು ಬಿಸಿಗೆ ಒಳಗಿನ ಸೀಲು ಕೆಡತ್ತೆ. ಶಿವಮೊಗ್ಗಕ್ಕೆ ತಗೊಂಡು ಹೋಗಿ ಸ್ಪಾಟ್ ವೆಲ್ಡ್ ಮಾಡಿಸ್ದೆ, ಆ ಎರಡು ಮಾತ್ರ ಅಲ್ಲ, ಎಲ್ಲಾ ಪಟ್ಟೀನೂ ಎಳೆದು ನೋಡಿ ಸಡಿಲ ಇದ್ದಿದ್ದಕ್ಕೆಲ್ಲಾ ಹಾಕಿಸ್ದೆ. ಪಟ್ಟಿ ಶುದ್ಧ ನಿಕ್ಕಲ್ಲೋ ಅಥವಾ ಲೇಪ ಹಾಕಿದ ಕಬ್ಬಿಣವೋ ಅಂತ ನೋಡೋಕೆ ಒಂದು ತುಂಡನ್ನ ಗೀರಿ ಉಪ್ಪುನೀರಲ್ಲಿ ಎರಡು ದಿನ ಬಿಡಿ, ತುಕ್ಕು ಬಂದ್ರೆ ಕಬ್ಬಿಣ, ನಮ್ಮ ಹವೆಗೆ ಅದು ಬೇಡವೇ ಬೇಡ. ಪ್ಲಾಸ್ಟಿಕ್ ಹೋಲ್ಡರ್ ಹಾಕಿ, ಸುತ್ತ ಫೋಮ್ ಕೊಟ್ಟು, ವೈರ್ ಕೆಳಮುಖವಾಗಿ ಹೊರಗೆ ಬರೋ ಹಾಗೆ ಮಾಡಿದೀನಿ, ನೀರು ವೈರ್ ಹಿಡ್ಕೊಂಡು ಒಳಗೆ ಹೋಗಲ್ಲ. ಒದ್ದೆ ಆಯ್ತು ಅಂತ ಮಳೆಗಾಲದ ಬಟ್ಟೆ ಒಣಗಿಸೋ ಹಾಗೆ ಬಚ್ಚಲ ಒಲೆ ಮೇಲೆ ಪ್ಯಾಕ್ ಇಡೋರನ್ನ ನೋಡಿದೀನಿ, ಹಾಗೆ ಖಂಡಿತ ಮಾಡ್ಬೇಡಿ. ಒರೆಸಿ ಫ್ಯಾನ್ ಕೆಳಗೆ ಇಟ್ರೆ ಸಾಕು. ಮಳೆಗಾಲ ಪೂರ್ತಿ ಓಡ್ಸಲ್ಲ ಅನ್ನೋರು 48-49 ವೋಲ್ಟ್‌ನಲ್ಲಿ ನಿಲ್ಸಿ ಎತ್ತಿಡಿ, ಫುಲ್ ಮಾಡಿ ಇಡ್ಬೇಡಿ.

ವೆಲ್ಡ್ ಆದ್ಮೇಲೆ ಫುಲ್ ಚಾರ್ಜ್ ಮಾಡಿ ಅದೇ 12 ಬಲ್ಬ್ ಮತ್ತೆ ಹಚ್ಚಿದೆ. ಹದಿನೆಂಟು ನಿಮಿಷಕ್ಕೆ ಏಳನೇ ಗುಂಪು 3.58, ಉಳಿದವು 3.6. ಮೂವತ್ತೈದು ನಿಮಿಷ ಉರಿದಾಗ್ಲೂ ಎಲ್ಲಾ ಗುಂಪೂ 0.05 ವೋಲ್ಟ್ ಒಳಗೇ ಇದ್ವು, ಅಲ್ಲಿಗೆ ನಾನೇ ಆರಿಸ್ದೆ. ಮುಂದಿನ ಭಾನುವಾರ ಕುಂದಾದ್ರಿ ಮೇಲಿನ ಬಸದಿ ತನಕ ಒಂದೇ ಸಮ ಹತ್ತಿದ್ವಿ, ಮೇಲೆ ಮಂಜು ಎಷ್ಟಿತ್ತು ಅಂದ್ರೆ ಕೆರೆ ಕಾಣ್ತಿರ್ಲಿಲ್ಲ, ಡಿಸ್‌ಪ್ಲೇ ಮಾತ್ರ ಉರೀತಾನೇ ಇತ್ತು.